ತಲೆದೆಸೆಯ ಚೊಂಬು

ನಮ್ಮೂರಿನಲ್ಲಿ ತಲೆದೆಸೆಯಲ್ಲಿ ನೀರಿಡದೆ ಯಾರೂ ಮಲಗುವುದಿಲ್ಲ. ಉಳ್ಳವರು ಬೆಳ್ಳಿ ಚೊಂಬು ಇಡುತ್ತಾರೆ, ಮಿಕ್ಕವರು ಹಿತ್ತಾಳೆಯದೋ ಸ್ಟೀಲಿನದೋ. ಏನೂ ಇಲ್ಲದವರಿಗೆ ತೆಂಗಿನ ಚಿಪ್ಪಾದರೂ ಸರಿಯೇ. ನಿದ್ದೆ ಬಂದರೆ ಬೆಳಗಾಗುವಷ್ಟರಲ್ಲಿ ಆ ನೀರು ಸಿಹಿಯಾಗಿರುತ್ತದೆ. ಎಷ್ಟು ನಿದ್ದೆಯೋ ಅಷ್ಟು ಸಿಹಿ. ನಿದ್ದೆ ಬಾರದಿದ್ದರೆ ಸಪ್ಪೆ ನೀರು ಸಪ್ಪೆಯಾಗಿಯೇ ಉಳಿಯುತ್ತದೆ. ಅದಲ್ಲದೆ, ಮಲಗಿದವನ ತಲೆಯೊಳಗೆ ಯೋಚನೆಗಳು ಓಡಾಡುವಷ್ಟು ಹೊತ್ತೂ ಚೊಂಬಿನ ಬಾಯಲ್ಲಿ ಸಣ್ಣ ಸಣ್ಣ ಅಲೆ ಏಳುತ್ತಿರುತ್ತದೆ. ಇಷ್ಟೆಲ್ಲ ಸರಿ, ಆದರೆ ಒಂದೇ ಒಂದು ತಕರಾರು. ಅವರವರ ನೀರಿನ ಸಿಹಿ ಅವರವರ ನಾಲಿಗೆಗೆ ಹತ್ತುವುದಿಲ್ಲ. ಕುಂಭಕರ್ಣನಂತೆ ಬಿದ್ದುಕೊಂಡು ಎದ್ದವನಿಗೂ ತನ್ನ ಚೊಂಬಿನ ನೀರು ಬರೀ ನೀರೇ. ಬೇರೆಯವರು ಕುಡಿದು ಹೇಳಬೇಕು.

ಹಾಗಾಗಿ ನಮ್ಮಲ್ಲಿ ಬೆಳಗ್ಗೆ ಎದುರಾದವರನ್ನು ತಿಂಡಿಯಾಯಿತೇ ಎಂದು ಕೇಳುವುದಿಲ್ಲ, ನೀರು ಹೇಗಿತ್ತಂತೆ ಎಂದು ಕೇಳುತ್ತೇವೆ. ಎಳೆಗೂಸಿರುವ ಮನೆಯವರಿಗೆ ಸಕ್ಕರೆ ಡಬ್ಬಿಯ ಗೊಡವೆಯೇ ಇಲ್ಲ. ಆ ಕೂಸಿನ ಒಂದು ಲೋಟ ನೀರು ಅಕ್ಕಪಕ್ಕದ ನಾಲ್ಕು ಮನೆಯ ಕಾಫಿಗೆ ಸಾಕು. ರಾತ್ರಿ ಜಗಳವಾಡಿದ ಹೆಂಡತಿ ಬೆಳಗ್ಗೆ ಗಂಡನ ನೀರು ಕುಡಿದು, ಜೇನಿನಂತಿದ್ದರೂ ಸಪ್ಪೆ ಎಂದು ಮುಖ ಸಿಂಡರಿಸಿ ಸೇಡು ತೀರಿಸಿಕೊಳ್ಳುತ್ತಾಳೆ. ಒಬ್ಬರ ನೀರಿನ ರುಚಿಯನ್ನು ಅವರಿಗಲ್ಲದೆ ಮೂರನೆಯವರಿಗೆ ಹೇಳಬಾರದು ಎಂಬುದು ಊರಿನ ಮರ್ಯಾದೆ. ಅದನ್ನು ಮುರಿದವಳೆಂದರೆ ರಾತ್ರಿ ಕಾವಲುಗಾರನ ಹೆಂಡತಿ ಒಬ್ಬಳೇ. ಸಿಟ್ಟಿನ ಭರದಲ್ಲಿ, ನನ್ನ ಗಂಡನ ನೀರಿನಷ್ಟು ಸಿಹಿ ಊರಿನಲ್ಲೇ ಇಲ್ಲ ಎಂದು ನಲ್ಲಿಯ ಹತ್ತಿರ ಬಾಯಿಬಿಟ್ಟಳು. ಪಂಚಾಯಿತಿಯವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಕಳ್ಳರೂ ಇದೇ ಊರಿನವರು, ಅವರೂ ಮಲಗಿರುತ್ತಾರೆ ಬಿಡಿ ಎಂದರು.

ನಾನು ಮರಿಸ್ವಾಮಿ. ಅಂಗಡಿಗಳಿಗೆ ಬೋರ್ಡು ಬರೆಯುವುದು ನನ್ನ ಕಸುಬು. ಮದುವೆಯಾಗಿರಲಿಲ್ಲ, ನಲವತ್ತನಾಲ್ಕು ತುಂಬುವವರೆಗೆ ನಾನಾಯಿತು, ನನ್ನ ಬಣ್ಣದ ಡಬ್ಬಿಗಳಾಯಿತು. ಅಮ್ಮ ಇರುವವರೆಗೆ ನನ್ನ ನೀರಿನ ರುಚಿ ನೋಡುತ್ತಿದ್ದವಳು ಅವಳೇ. ಬೆಳಗ್ಗೆ ಒಂದು ಗುಟುಕು ಕುಡಿದು, ಸೆರಗಿನಲ್ಲಿ ಬಾಯೊರೆಸಿಕೊಂಡು, "ಒಳ್ಳೆ ನಿದ್ದೆ ಕಣೋ" ಎನ್ನುತ್ತಿದ್ದಳು. ಆಮೇಲೆ ಅವಳು ಹಾಸಿಗೆ ಹಿಡಿದಳು. ಮೂರು ತಿಂಗಳು ಜ್ವರ. ಆ ಮೂರು ತಿಂಗಳೂ ನಾನು ಬೆಳಗ್ಗೆ ಚೊಂಬು ಹಿಡಿದು ಅವಳ ಪಕ್ಕ ಕೂರುತ್ತಿದ್ದೆ, ಅವಳು ಒಂದು ಗುಟುಕು ಕುಡಿದು ಕಣ್ಣುಮುಚ್ಚಿ "ಸಪ್ಪೆ ಕಣೋ ಮಗಾ" ಎನ್ನುತ್ತಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ, ಹೋಗುವ ದಿನದವರೆಗೂ ಅದೇ ಮಾತು.

ನನಗೆ ನಿದ್ದೆ ಹೋಯಿತು ಎಂದು ನಾನು ತಿಳಿದುಕೊಂಡದ್ದು ಹಾಗೆ. ಹೆತ್ತ ತಾಯಿ ಹೇಳಿದ ಮೇಲೆ ಇನ್ನು ಸಾಕ್ಷಿ ಯಾಕೆ? ಅವಳು ಹೋದ ಮೇಲೆ ನನ್ನ ಚೊಂಬನ್ನು ಯಾರ ಕೈಗೂ ಕೊಡಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ನೀರನ್ನು ಹಿತ್ತಲ ಬಚ್ಚಲ ಮೂಲೆಗೆ ಚೆಲ್ಲಿಬಿಡುತ್ತಿದ್ದೆ. ಹೀಗೆ ಹನ್ನೊಂದು ವರ್ಷ.

ಈ ಹನ್ನೊಂದು ವರ್ಷದಲ್ಲಿ ನಿದ್ದೆಯ ವಿಷಯದಲ್ಲಿ ನಾನು ದೊಡ್ಡ ಪಂಡಿತನಾಗಿಬಿಟ್ಟೆ. ಎಂಟು ಗಂಟೆ ನಿದ್ದೆ ಇಲ್ಲದವನ ಕೈ ನಡುಗುತ್ತದೆ. ಒಂದು ರಾತ್ರಿ ಕೆಟ್ಟರೆ ಅದನ್ನು ತುಂಬಲು ಎರಡು ದಿನ ಬೇಕು. ಹೀಗೇ ಆದರೆ ಐವತ್ತಕ್ಕೆ ಬುದ್ಧಿಭ್ರಮಣೆ ಖಚಿತ. ಇದನ್ನೆಲ್ಲ ನನಗೆ ಯಾರೂ ಹೇಳಿದ್ದಲ್ಲ, ನಾನೇ ಕಟ್ಟಿಕೊಂಡದ್ದು, ಅದಕ್ಕೇ ಅಷ್ಟು ಗಟ್ಟಿಯಾಗಿತ್ತು. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟೆ. ಕತ್ತಲಾದ ಮೇಲೆ ಯಾರ ಮನೆಗೂ ಊಟಕ್ಕೆ ಹೋಗುವುದನ್ನು ಬಿಟ್ಟೆ. ಮದುವೆ ಮನೆಗಳಿಗೂ ಹೋಗುವುದನ್ನು ಬಿಟ್ಟೆ, ಯಾಕೆಂದರೆ ಓಲಗದ ಸದ್ದು ಕಿವಿಯಲ್ಲಿ ಉಳಿದುಬಿಡುತ್ತದೆ. ಎಂಟು ಗಂಟೆಗೆ ಗಸಗಸೆ ಪಾಯಸ ಕುಡಿದು, ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಂಡು, ದಕ್ಷಿಣಕ್ಕೆ ತಲೆಹಾಕಿ ಮಲಗಿ ಚೊಂಬನ್ನು ನೋಡತೊಡಗುತ್ತಿದ್ದೆ. ಅಲೆ ನಿಂತಿತೇ? ಇನ್ನೂ ಇಲ್ಲ. ಈಗ ನಿಂತಿತೇ? ನೋಡುತ್ತಿರುವವನ ತಲೆ ನಿಂತರೆ ತಾನೇ ಅಲೆ ನಿಲ್ಲುವುದು! ಇಷ್ಟು ಸಣ್ಣ ಮಾತು ನನ್ನಂಥ ಪಂಡಿತನಿಗೆ ಹೊಳೆಯಲಿಲ್ಲ.

ಬೆಳಗ್ಗೆ ಎದ್ದರೆ ಏನು ತಪ್ಪಾದರೂ ನಿದ್ದೆಯ ತಲೆಗೇ ಕಟ್ಟುತ್ತಿದ್ದೆ. ಕೆಮ್ಮು ಬಂದರೆ ನಿದ್ದೆಯಿಲ್ಲದ್ದಕ್ಕೆ, ಗಿರಾಕಿಯ ಜತೆ ಮಾತಿಗೆ ಮಾತು ಬೆಳೆದರೆ ನಿದ್ದೆಯಿಲ್ಲದ್ದಕ್ಕೆ. ವಾರಕ್ಕೆ ಮೂರು ದಿನ ಅಂಗಡಿಯ ಬಾಗಿಲು ಹಾಕಿ "ಇಂದು ರಜೆ" ಎಂದು ಬರೆದ ಹಲಗೆ ತೂಗುಹಾಕುತ್ತಿದ್ದೆ. ಆ ಹಲಗೆಯನ್ನು ಮಾತ್ರ ಬಲು ಚೆನ್ನಾಗಿ ಬರೆದಿದ್ದೆ.

ಹೊಂಬಾಳಮ್ಮ ಬಂದದ್ದು ಅಂಥದೊಂದು ರಜೆಯ ದಿನ. ಆಕೆ ಪೇಟೆಬೀದಿಯಲ್ಲಿ ಮಿಠಾಯಿ ಅಂಗಡಿ ಇಟ್ಟವರು. ನಲವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಅಪ್ಪನ ಕಾಲದ ಒಲೆಯನ್ನು ಒಬ್ಬರೇ ಉರಿಸಿಕೊಂಡು ಬಂದಿದ್ದರು. ಒಂದು ಕಂಕುಳಲ್ಲಿ ತಗಡಿನ ಬೋರ್ಡು, ಇನ್ನೊಂದು ಕೈಯಲ್ಲಿ ಲಾಡಿನ ಪೊಟ್ಟಣ. ಹಲಗೆಯನ್ನು ಓದಿಯೂ ಬಾಗಿಲು ಬಡಿದರು.

"ಇವತ್ತು ಆಗಲ್ಲ," ಎಂದೆ. "ರಾತ್ರಿ ನಿದ್ದೆ ಇಲ್ಲ. ಕೈ ನಡುಗುತ್ತೆ."

"ಎಲ್ಲಿ, ಕೈ ಚಾಚಿ ನೋಡಾಣ."

ಚಾಚಿದೆ. ಆಕೆ ಪೊಟ್ಟಣ ಬಿಚ್ಚಿ ಒಂದು ಲಾಡನ್ನು ನನ್ನ ಅಂಗೈಯ ಹಿಂಭಾಗದ ಮೇಲೆ, ಗೆಣ್ಣುಗಳ ನಡುವೆ, ಇಟ್ಟರು. "ಇದು ಉರುಳಿದ್ರೆ ನಿಮ್ಮ ಮಾತು ನಿಜ, ನಾನು ನಾಳೆ ಬರ್ತೀನಿ. ಉರುಳದೆ ಇದ್ರೆ ಇವತ್ತೇ ಬರೀಬೇಕು," ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಬೀದಿಯಲ್ಲಿ ಒಂದು ಎತ್ತಿನ ಗಾಡಿ ಹೋಯಿತು, ಒಂದು ಸೈಕಲ್ ಹೋಯಿತು, ಲಾಡು ಅಲ್ಲೇ ಕೂತಿತ್ತು. ನನಗೆ ಸಂತೋಷವಾಗಬೇಕಿತ್ತು, ಸುಳ್ಳು ಸಿಕ್ಕಿಬಿದ್ದವನ ಹಾಗೆ ಮುಖ ಬಿಸಿಯಾಯಿತು. ಆಕೆ ಲಾಡನ್ನು ಎತ್ತಿ ನನ್ನ ಬಾಯಿಗೆ ಕೊಟ್ಟು, "ಅಕ್ಷರ ದಪ್ಪಗಿರ್ಲಿ, ಮುದುಕರೂ ಓದಬೇಕು," ಎಂದು ಹೊರಟುಹೋದರು.

ಒಂದು ದಿನದ ಕೆಲಸವನ್ನು ನಾನು ನಾಲ್ಕು ದಿನ ಎಳೆದೆ. ಬೋರ್ಡನ್ನು ಅಂಗಡಿಯ ಮುಂದೆಯೇ ಬರೆಯಬೇಕು, ಬೆಳಕು ಬೀಳುವ ಕೋನ ನೋಡಬೇಕು ಎಂದು ಒಂದು ನೆಪ ಹೂಡಿ ಅಲ್ಲಿಯೇ ಏಣಿ ಹಾಕಿದೆ. ಆಕೆ ಬಾಣಲೆಯ ಮುಂದೆ, ನಾನು ಏಣಿಯ ಮೇಲೆ. ಹದಿನೈದು ಸೇರು ಹಿಡಿಸುವ ಬಾಣಲೆಯನ್ನು ಒಬ್ಬರೇ ಇಳಿಸುತ್ತಿದ್ದರು. ಬಂದ ಗಿರಾಕಿಯ ಮಗುವಿನ ಹೆಸರು, ಮಗುವಿನ ಹಲ್ಲು ಬಿದ್ದ ಸಂಗತಿ, ಎಲ್ಲ ನೆನಪಿಟ್ಟು ಕೇಳುತ್ತಿದ್ದರು. ಪಾಕದ ಒಂದು ಹನಿಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು, ಸಕ್ಕರೆ ಯಾವ ಅಂಗಡಿಯದು ಎಂದು ಹೇಳಬಲ್ಲ ಹೆಂಗಸು. "ಏನ್ರಿ ಬೋರ್ಡ್ನೋರೇ, ಇನ್ನೂ 'ಮಿ'ಗೇ ಬಣ್ಣ ತುಂಬ್ತಾ ಇದೀರಾ? 'ಠಾಯಿ' ಯಾವಾಗ, ಮುಂದಿನ ಯುಗಾದಿಗಾ?" ಎಂದು ಕೆಳಗಿನಿಂದ ಕೂಗುತ್ತಿದ್ದರು. ಆ ನಾಲ್ಕು ದಿನ ನಾನು ನಿದ್ದೆಯ ಯೋಚನೆಯನ್ನೇ ಮಾಡಲಿಲ್ಲ ಎಂಬುದು ಐದನೆಯ ದಿನ, ಮನೆಯಲ್ಲಿ ಸುಮ್ಮನೆ ಕೂತಾಗ ಗೊತ್ತಾಯಿತು. ಗೊತ್ತಾದ ಕೂಡಲೇ ಮತ್ತೆ ಯೋಚನೆ ಶುರುವಾಯಿತು.

ನನ್ನಕ್ಕ ಚೆನ್ನಾಜಮ್ಮನನ್ನು ಕೆಳಗಿನ ಬೀದಿಗೇ ಮದುವೆ ಮಾಡಿ ಕೊಟ್ಟಿದ್ದು. ತಮ್ಮನ ಏಣಿ ನಾಲ್ಕು ದಿನ ಒಂದೇ ಕಡೆ ನಿಂತದ್ದು ಅವಳ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವಳು ನನ್ನನ್ನು ಕೇಳಲೂ ಇಲ್ಲ, ಸೀದಾ ಮಿಠಾಯಿ ಅಂಗಡಿಗೆ ಹೋಗಿ ಮಾತಾಡಿಕೊಂಡೇ ಬಂದಳು.

"ಆಯಮ್ಮ ಒಪ್ಕಂಡ್ರೆ ನಿನ್ನ ಪುಣ್ಯ ಕಣೋ ಮರಿ. ನಾಳೆಯಿಂದ ನೀರು ಕಳಿಸು ಅಂದ್ರು."

ನಮ್ಮೂರಿನಲ್ಲಿ ಸಂಬಂಧ ಕೂಡುವ ಮೊದಲು ನೀರು ಕಳಿಸುವ ಶಾಸ್ತ್ರವಿದೆ. ಗಂಡಿನ ತಲೆದೆಸೆಯ ನೀರು ಮೂರು ಬೆಳಗು ಹೆಣ್ಣಿನ ಮನೆಗೆ ಹೋಗಬೇಕು, ಹೆಣ್ಣಿನದು ಒಂದು ಬೆಳಗು ಗಂಡಿನ ಮನೆಗೆ ಬರಬೇಕು. ಮೂರಕ್ಕೆ ಒಂದು ಎಂಬ ಈ ನಿಯಮವನ್ನು ಮಾಡಿದವರು ಗಂಡಸರನ್ನು ಚೆನ್ನಾಗಿ ಬಲ್ಲವರಿರಬೇಕು. ನೀರು ಸಪ್ಪೆಯಾದರೆ ಮಾತು ಅಲ್ಲಿಗೆ ಮುರಿಯಿತು. ನಿದ್ದೆಯಿಲ್ಲದವನು ಸಂಸಾರಕ್ಕೆ ಬಾರದವನು ಎಂದು ನಮ್ಮ ಹಿರಿಯರ ಲೆಕ್ಕ, ಮತ್ತು ಆ ಲೆಕ್ಕವನ್ನು ನನ್ನಷ್ಟು ನಂಬಿದವನು ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಹಿಂದೆ ಬಂದ ಸಂಬಂಧಗಳನ್ನೆಲ್ಲ ನೀರು ಕಳಿಸುವ ಮಾತು ಬರುವ ಮೊದಲೇ ಏನೋ ಒಂದು ಕೊಂಕು ತೆಗೆದು ತಪ್ಪಿಸಿಕೊಂಡಿದ್ದೆ. ಈ ಸಲ ತಪ್ಪಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಆ ಏಣಿಯ ಮೇಲೆ ಹತ್ತಿ ನಿಂತು, ಕೆಳಗಿನಿಂದ ಆಕೆಯಿಂದ ಬೈಸಿಕೊಂಡು ಬದುಕಬೇಕೆಂದು ನನಗೆ ಬಹಳ ಆಸೆಯಾಗಿತ್ತು.

ಅದಕ್ಕೇ ಸಕ್ಕರೆ ಹಾಕಿದೆ. ಮೊದಲ ಬೆಳಗ್ಗೆ ಚೊಂಬಿಗೆ ಒಂದು ಚಮಚ ಹಾಕಿ, ಕದಡಿ, ರುಚಿ ನೋಡಿದೆ. ನನ್ನ ನಿದ್ದೆಯ ಸಿಹಿ ನನಗೆ ಹತ್ತದಿದ್ದರೂ ಅಂಗಡಿಯ ಸಕ್ಕರೆ ಹತ್ತದೇ ಇರುತ್ತದೆಯೇ? ಅಮ್ಮ "ಒಳ್ಳೆ ನಿದ್ದೆ" ಎನ್ನುತ್ತಿದ್ದ ಕಾಲದಲ್ಲಿ ನೀರು ಹೇಗಿದ್ದಿರಬಹುದು ಎಂದು ಊಹಿಸಿ ಇನ್ನರ್ಧ ಚಮಚ ಸೇರಿಸಿದೆ. ಎರಡನೆಯ ದಿನ ಎರಡು ಚಮಚ. ಮೂರನೆಯ ದಿನ ಧೈರ್ಯ ಬಂದು ಎರಡೂವರೆ. ಚೊಂಬನ್ನು ಅಕ್ಕನ ಕೈಯಲ್ಲಿ ಕಳಿಸಿ, ಬಾಗಿಲು ಹಾಕಿಕೊಂಡು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತ ಕೂತೆ.

ಮೂರನೆಯ ದಿನ ಮಧ್ಯಾಹ್ನ ಹೊಂಬಾಳಮ್ಮ ಮೂರು ಚೊಂಬುಗಳನ್ನೂ ಹಿಡಿದುಕೊಂಡು ತಾವೇ ಬಂದರು. ನಾನು ಹಿತ್ತಲಿನಲ್ಲಿ ಬ್ರಷ್ ತೊಳೆಯುತ್ತಿದ್ದೆ. ಚೊಂಬುಗಳನ್ನು ಬಚ್ಚಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು.

"ಬೋರ್ಡ್ನೋರೇ, ನನ್ನ ಕಸುಬೇನು?"

"ಮಿಠಾಯಿ."

"ಮತ್ತೆ ಮಿಠಾಯಿ ಮಾಡೋಳಿಗೆ ಸಕ್ಕರೆ ಹಾಕಿ ಕಳಿಸ್ತೀರಲ್ಲ, ನಿಮಗೆ ಒಂಚೂರಾದ್ರೂ ಬುದ್ಧಿ ಬೇಡ್ವಾ?"

ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಕೆ ಬಿಡಲಿಲ್ಲ. "ಅಂಗಡಿ ಸಕ್ಕರೆ ಗಂಟಲಲ್ಲಿ ನಿಲ್ತದೆ, ನಿದ್ದೆ ಸಿಹಿ ನಿಲ್ಲಲ್ಲ, ಹಂಗೇ ಇಳೀತದೆ. ಅದು ಬೇರೆ, ಇದು ಬೇರೆ. ಮೊದಲ್ನೇ ಚೊಂಬಲ್ಲಿ ಐದು ಗಂಟೆ ನಿದ್ದೆ ಇದೆ. ಎರಡ್ನೇದ್ರಲ್ಲಿ ಆರು. ಮೂರ್ನೇದ್ರಲ್ಲಿ ಕಮ್ಮಿ, ಮೂರು ಮೂರೂವರೆ. ಕಳ್ತನ ಮಾಡಿ ಮಲಗಿದೋರಿಗೆ ಅಷ್ಟು ಬಂದಿದ್ದೇ ಹೆಚ್ಚು. ಇದ್ದ ಸಿಹಿ ಮೇಲೆ ಯಾಕ್ರೀ ಸಕ್ಕರೆ ಸುರಿದ್ರಿ?"

"ಸುಮ್ನೆ ಸಮಾಧಾನಕ್ಕೆ ಹೇಳ್ಬೇಡಿ," ಎಂದೆ. "ನನ್ನ ನೀರು ಸಪ್ಪೆ. ಹನ್ನೊಂದು ವರ್ಷದಿಂದ ಸಪ್ಪೆ. ನಮ್ಮಮ್ಮ ಹೇಳಿದ್ಲು."

"ಯಾವಾಗ ಹೇಳಿದ್ರು?"

"ಹೋಗೋ ಮುಂಚೆ, ಮೂರು ತಿಂಗಳು ದಿನಾ ಹೇಳಿದ್ಲು. ಜ್ವರದಲ್ಲಿ ಮಲಗಿದ್ಲು."

ಆಕೆಯ ದನಿ ಸ್ವಲ್ಪ ತಗ್ಗಿತು. "ಆ ಜ್ವರದಲ್ಲಿ ಊಟ ಏನ್ ಮಾಡ್ತಿದ್ರು ನಿಮ್ಮಮ್ಮ?"

ಏನು ಊಟ? ಗಂಜಿ ಕೊಟ್ಟರೆ ಸಪ್ಪೆ ಎನ್ನುತ್ತಿದ್ದಳು. ಉಪ್ಪು ಸುರಿದ ಸಾರು ಸಪ್ಪೆ. ಅಕ್ಕ ತಂದ ಹೋಳಿಗೆಯನ್ನು ಬಾಯಿಗಿಟ್ಟು ಉಗುಳಿ, ಬೆಲ್ಲವನ್ನೇ ಹಾಕಿಲ್ಲ ಎಂದು ಅತ್ತಿದ್ದಳು. ನಿಂಬೆ ಉಪ್ಪಿನಕಾಯಿಯನ್ನು ಕೂಡ ಸಪ್ಪೆ ಎಂದಿದ್ದಳು. ಇದನ್ನೆಲ್ಲ ನಾನು ಹೊಂಬಾಳಮ್ಮನಿಗೆ ಒಂದೊಂದಾಗಿ ಹೇಳುತ್ತ ಹೋದೆ. ಹೇಳುತ್ತಿದ್ದಂತೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಜ್ವರ ನಾಲಿಗೆಯನ್ನು ತಿಂದುಹಾಕಿದ್ದ ಮುದುಕಿ, ಮಗ ಎದುರಿಗೆ ಚೊಂಬು ಹಿಡಿದು ಕೂತಾಗ ಅದನ್ನು ಬೇಡ ಎನ್ನಲಾರದೆ, ದಿನಾ ಒಂದು ಗುಟುಕು ಕುಡಿದಿದ್ದಳು. ಅವಳಿಗೆ ತಿಳಿದದ್ದನ್ನು ಹೇಳಿದ್ದಳು. ನಾನು ನನಗೆ ಬೇಕಾದ್ದನ್ನು ಕೇಳಿಸಿಕೊಂಡಿದ್ದೆ. ನನಗೆ ಅಳು ಬಂತು, ಬ್ರಷ್ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ನೀಲಿ ಬಣ್ಣ ಮಾಡಿಕೊಂಡೆ.

ಆದರೂ ಪಂಡಿತ ಒಂದೇ ಸಲಕ್ಕೆ ಸೋಲುತ್ತಾನೆಯೇ? "ಅದು ಆಗ," ಎಂದೆ. "ಆಮೇಲೆ ನಿಜವಾಗ್ಲೂ ನಿದ್ದೆ ಹೋಯ್ತು. ರಾತ್ರಿಯೆಲ್ಲ ಅಲೆ ನೋಡ್ತಾ ಇರ್ತೀನಲ್ಲ."

ಆಕೆ ಬಚ್ಚಲ ಮೂಲೆಯನ್ನು ನೋಡುತ್ತಿದ್ದರು. ಅಲ್ಲಿ ನೆಲದ ಮೇಲೆ ನಾನು ಇರುವೆ ಓಡಿಸುವ ಸುಣ್ಣದ ಕಡ್ಡಿಯಿಂದ ಎಳೆದ ಗೆರೆಗಳು ಒಂದರ ಮೇಲೊಂದು, ವರ್ಷಗಟ್ಟಲೆಯ ಗೆರೆಗಳು, ಗಟ್ಟಿಯಾಗಿ ಕೂತಿದ್ದವು.

"ಇದೇನಿದು?"

"ಇರುವೆ ಕಾಟ. ದಿನಾ ಚೊಂಬಿನ ನೀರು ಚೆಲ್ಲೋದು ಅಲ್ಲೇ. ಎಷ್ಟು ಗೆರೆ ಎಳೆದ್ರೂ ಬರ್ತವೆ."

"ಎಷ್ಟು ವರ್ಷದಿಂದ?"

ಹನ್ನೊಂದು ಎನ್ನಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದೆ. ಹೊಂಬಾಳಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕಟ್ಟೆಯ ಮೇಲೆ ಕೂತು ಮೈಯೆಲ್ಲ ಕುಲುಕಿಸಿ ನಕ್ಕರು. "ಊರ್ನೋರ್ಗೆ ಕೊಡ್ಬೇಕಾದ ನೀರ್ನ ಇರುವೆಗೆ ಕುಡಿಸ್ಬಿಟ್ಟು, ಅವು ಬಂದ್ವಲ್ಲಾ ಅಂತ ಗೆರೆ ಬೇರೆ ಎಳೆದಿದೀರಲ್ಲ!" ಎಂದರು. ನಾನೂ ನಕ್ಕೆ. ಅಷ್ಟು ನಕ್ಕು ನನಗೆ ಬಹಳ ಕಾಲವಾಗಿತ್ತು.

ಆದರೆ ಆಕೆ ಬೇಗ ನಗು ನಿಲ್ಲಿಸಿದರು. ಎದ್ದು ಸೆರಗು ಸರಿಮಾಡಿಕೊಂಡರು. "ನಿದ್ದೆ ಕಮ್ಮಿ ಇದ್ರೆ ನಂಗೇನೂ ಬೇಜಾರಿಲ್ಲ. ಸಕ್ಕರೆ ಹಾಕಿದ್ರಲ್ಲ, ಅದು ಬೇಜಾರು. ಮೊದಲ್ನೇ ದಿನದಿಂದ್ಲೇ ಸುಳ್ಳು ಹೇಳಿದೋರ ಜತೆ ಒಂದೇ ಒಲೆ ಮುಂದೆ ಹ್ಯಾಗೆ ಕೂರಾದು?" ಎಂದರು. ಬಾಗಿಲಿನವರೆಗೆ ಹೋದವರು ತಿರುಗಿ ನಿಂತರು. "ಶಾಸ್ತ್ರ ಅರ್ಧಕ್ಕೆ ಬಿಡಬಾರದು. ನಾಳೆ ಬೆಳಗ್ಗೆ ನನ್ನ ನೀರು ಬರ್ತದೆ. ಕುಡಿದು, ಹ್ಯಾಗಿತ್ತು ಅಂತ ನೀವೇ ಬಂದು ಹೇಳಿ. ಆಮೇಲೆ ನಾನು ನನ್ನ ಮಾತು ಹೇಳ್ತೀನಿ."

ಅಂದು ರಾತ್ರಿ ಚೊಂಬನ್ನು ತಲೆದೆಸೆಯಲ್ಲಿ ಇಟ್ಟೆನಾದರೂ ಗೋಡೆಯ ಕಡೆಗೆ ತಿರುಗಿ ಮಲಗಿದೆ. ನಿದ್ದೆ ಬಂತೋ ಇಲ್ಲವೋ ನಾನು ಹೇಳಲಾರೆ. ಅದನ್ನು ಹೇಳುವುದು ನನ್ನ ಕೆಲಸವೇ ಅಲ್ಲ ಎಂಬುದು ಎಷ್ಟು ಹಗುರವಾದ ಸಂಗತಿ! ನನಗೆ ಇದ್ದ ಚಿಂತೆಯೆಲ್ಲ ಬೇರೆ: ಆಕೆ ಬೇಡ ಅಂದರೆ? ನಿದ್ದೆಗಿಂತ ದೊಡ್ಡ ಚಿಂತೆ ಒಂದಿದೆ ಎಂದು ತಿಳಿದು ಒಂದು ಬಗೆಯ ಖುಷಿಯೂ ಆಯಿತು.

ಬೆಳಗ್ಗೆ ಅಕ್ಕ ಹೊಂಬಾಳಮ್ಮನ ಚೊಂಬು ತಂದಳು. ಪಕ್ಕದಲ್ಲಿ ನಿಂತು ನೋಡಬಾರದೆಂದು ಅಂಗಳಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತಳು. ನಾನು ಒಂದು ಗುಟುಕು ಕುಡಿದೆ. ಇನ್ನೊಂದು ಕುಡಿದೆ. ಬಾಯಿ ಮುಕ್ಕಳಿಸಿ ಮತ್ತೆ ಕುಡಿದೆ. ಸಪ್ಪೆ. ಬಾವಿಯಿಂದ ಆಗ ತಾನೇ ಸೇದಿದ ನೀರಿನಷ್ಟು ಸಪ್ಪೆ. ಆಕೆ ಪಾಕ ತೆಗೆಯಲು ಮೂರು ಗಂಟೆಗೇ ಏಳುವವರು. ಮಲಗುವುದು ಅಂಗಡಿ ಮುಚ್ಚಿ, ಪಾತ್ರೆ ತೊಳೆದು ಯಾವ ಹೊತ್ತಿಗೋ. ಮಲಗಿದರೂ ತಲೆಯೊಳಗೆ ನಾಳೆಯ ಪಾಕದ ಲೆಕ್ಕ, ನಿದ್ದೆ ಎಲ್ಲಿಂದ ಬರಬೇಕು?

ಅಕ್ಕ ಒಳಗೆ ಬಂದು ನನ್ನ ಮುಖ ನೋಡಿದಳು. ಕೇಳಬಾರದು, ಹೇಳಬಾರದು, ಆದರೆ ಅಕ್ಕನಿಗೆ ಮುಖ ಸಾಕು. "ನೋಡು ಮರಿ," ಎಂದಳು ಮೆಲ್ಲಗೆ, "ಆಯಮ್ಮಂಗೆ ಹಿಂದೆ ನಾಲ್ಕು ಸಂಬಂಧ ಬಂದು ಮುರಿದೋದ್ವು. ಯಾಕೆ ಅಂತ ಯಾರೂ ಹೇಳ್ಲಿಲ್ಲ. ನಿನಗೆ ಆಯಮ್ಮ ಬೇಕು ತಾನೇ? ಹೋಗಿ, ಸಕ್ಕರೆ ಇದ್ದಂಗಿತ್ತು ಅಂದ್ಬಿಡು. ಹೆಣ್ಮಗಳು ಖುಷಿಯಾಗ್ತಾಳೆ, ಮದುವೆ ಆಗ್ತದೆ. ಯಾರಿಗೇನು ನಷ್ಟ?"

ಅಕ್ಕನನ್ನು ಕಳಿಸಿ ಒಬ್ಬನೇ ಕೂತೆ. ಸಪ್ಪೆ ನೀರಿನವರು ಏನೇನು ಮಾಡಲಾರರೆಂದು ನಾನು ಹನ್ನೊಂದು ವರ್ಷ ನಂಬಿದ್ದೆನೋ ಅದನ್ನೆಲ್ಲ ಆ ಹೆಂಗಸು ದಿನ ಬೆಳಗಾದರೆ ಮಾಡುತ್ತಿದ್ದರು. ಬಾಣಲೆ ಇಳಿಸುತ್ತಿದ್ದರು. ಹಲ್ಲು ಬಿದ್ದ ಮಕ್ಕಳ ಹೆಸರು ನೆನಪಿಡುತ್ತಿದ್ದರು. ಒಂದೇ ಗಾತ್ರದ ಸಾವಿರ ಲಾಡು ಕಟ್ಟುತ್ತಿದ್ದರು. ಒಂದು ದಿನವೂ ರಜೆಯ ಹಲಗೆ ತೂಗುಹಾಕಿದವರಲ್ಲ. ನನಗೆ ಮೊದಲು ನಾಚಿಕೆಯಾಯಿತು, ಹೋಗದೆ ಉಳಿದ ಮದುವೆ ಮನೆಗಳ ಊಟವೆಲ್ಲ ನೆನಪಾಗಿ ಹೊಟ್ಟೆ ಉರಿಯಿತು, ಕೊನೆಗೆ ಯಾವುದೂ ಉಳಿಯದೆ ಬರೀ ಬಾಯಾರಿಕೆ ಉಳಿಯಿತು. ಚೊಂಬಿನಲ್ಲಿ ಮಿಕ್ಕಿದ್ದ ನೀರನ್ನು ಎತ್ತಿ ಪೂರ್ತಿ ಕುಡಿದೆ. ತಣ್ಣಗೆ ಹೊಟ್ಟೆಗೆ ಇಳಿಯಿತು.

ಮಧ್ಯಾಹ್ನ ಅಂಗಡಿಗೆ ಹೋದಾಗ ಹೊಂಬಾಳಮ್ಮ ಒಲೆಯ ಮುಂದೆ ಇದ್ದರು. ಬಾಣಲೆಯಲ್ಲಿ ಕೊಬ್ಬರಿ ಮಿಠಾಯಿಗೆ ಪಾಕ ಏರುತ್ತಿತ್ತು. ನನ್ನನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ.

"ಹ್ಯಾಗಿತ್ತು?"

ದಾರಿಯುದ್ದಕ್ಕೂ ಎರಡು ಮಾತನ್ನೂ ಬಾಯಲ್ಲಿ ಇಟ್ಟುಕೊಂಡೇ ಬಂದಿದ್ದೆ. ಒಂದು ಹೇಳಿದರೆ ಮದುವೆ, ಇನ್ನೊಂದು ಹೇಳಿದರೆ ಏನೋ ಗೊತ್ತಿಲ್ಲ. ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಳ್ಳುತ್ತಿದ್ದ ಆಕೆಯ ಮುಖ ನೋಡಿದೆ. ಈ ಮುಖಕ್ಕೆ ಇನ್ನೊಂದು ಸಲ ಸುಳ್ಳು ಹೇಳಿ ಗೆದ್ದರೂ ಅದು ಗೆಲುವಾಗುವುದಿಲ್ಲ ಅನ್ನಿಸಿತು.

"ಸಪ್ಪೆ," ಎಂದೆ.

ಬಾಣಲೆಯಲ್ಲಿ ಆಡುತ್ತಿದ್ದ ಕೈ ನಿಂತಿತು.

"ಅಷ್ಟೇನಾ?"

"ಶಾಸ್ತ್ರಕ್ಕೆ ಒಂದು ಗುಟುಕು ಸಾಕಿತ್ತು. ಬಾಯಾರಿತ್ತು. ಪೂರ್ತಿ ಕುಡಿದೆ."

ಆಕೆ ತಿರುಗಿ ನನ್ನನ್ನು ನೋಡಿದರು. ಬೆಂಕಿಯ ಝಳಕ್ಕೆ ಕಣ್ಣು ಕೆಂಪಾಗಿತ್ತೋ ಬೇರೆ ಯಾತಕ್ಕೋ. "ನಾಲ್ಕು ಕಡೆಯೋರು ಕುಡಿದ್ರು," ಎಂದರು. "ಒಬ್ರೂ ಬಂದು ಹೇಳ್ಲಿಲ್ಲ. ಚೊಂಬೂ ವಾಪಸ್ ಕೊಡ್ಲಿಲ್ಲ ಕೆಲವರು. ಸಪ್ಪೇನೇ ಇರಬೇಕು ಅಂತ ನಾನೇ ಅಂದ್ಕಂಡೆ. ಒಂಚೂರೂ ಇಲ್ವಾ? ತಳದಲ್ಲೂ?"

ತಳದಲ್ಲಿ ಒಂಚೂರು ಇತ್ತು ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. "ಒಂಚೂರೂ ಇಲ್ಲ. ತಳದಲ್ಲೂ ಇಲ್ಲ."

ಆಕೆ ಇಷ್ಟಗಲ ನಕ್ಕರು. ಹಾಗೆ ನಗುತ್ತಲೇ ಮೂಗರಳಿಸಿ, "ಅಯ್ಯಯ್ಯೋ, ಪಾಕ!" ಎಂದು ಬಾಣಲೆಯ ಕಡೆ ತಿರುಗಿ, ಉರಿ ತಗ್ಗಿಸಿ, ಕೊಬ್ಬರಿ ಸುರಿದು ನಾಲ್ಕು ಸುತ್ತು ಕೈಯಾಡಿಸಿದರು. ಆಮೇಲೆ ಆ ಉದ್ದ ಹಿಡಿಯ ಸೌಟನ್ನು ನನ್ನ ಕೈಗೆ ಕೊಟ್ಟರು. "ಹಿಡ್ಕಳಿ. ಉರಿ ತಗ್ಗಿಸಿದೀನಿ, ಕೊಬ್ಬರಿ ಹಾಕಾಗಿದೆ, ಅಂಚು ಬಿಡೋವರೆಗೂ ನಿಲ್ಲಿಸ್ದೆ ತಿರುವಿ. ನಮ್ಮಪ್ಪ ಹೋದ್ಮೇಲೆ ಇದನ್ನ ಇನ್ನೊಬ್ಬರ ಕೈಗೆ ಕೊ‌ಟ್ಟಿಲ್ಲ. ತಳ ಹಿಡಿಸೀರಿ ಮತ್ತೆ!" ಎಂದು, ಸಕ್ಕರೆ ಮೂಟೆಗಳ ಪಕ್ಕದಲ್ಲಿ ಮಡಚಿಟ್ಟಿದ್ದ ಗೋಣಿಚೀಲಗಳನ್ನು ಹಾಸಿ, ಕೈಯನ್ನೇ ದಿಂಬು ಮಾಡಿಕೊಂಡು ಉರುಳಿದರು.

ನಾನು ತಿರುವತೊಡಗಿದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರಲ್ಲ, ನಾನು ಅದನ್ನು ಕಣ್ಣಾರೆ ಕಂಡದ್ದು ಅಂದೇ. ಹತ್ತು ಸುತ್ತು ತಿರುವುವುದರೊಳಗೆ ಆಕೆಯ ಉಸಿರು ನಿಧಾನವಾಯಿತು. ಬೀದಿಯಲ್ಲಿ ಗಾಡಿಗಳು ಹೋಗುತ್ತಿದ್ದವು, ಬೆಲ್ಲದ ನೊಣಗಳು ಗುಯ್ಗುಡುತ್ತಿದ್ದವು, ನನ್ನ ರಟ್ಟೆ ನೋಯುತ್ತಿತ್ತು. ಮಿಠಾಯಿ ಅಂಚು ಬಿಡತೊಡಗಿತು.

ಆಗ ದಿನಾ ಕೊಬ್ಬರಿ ಮಿಠಾಯಿ ಕೊಳ್ಳುವ ಮುದಿ ಮೇಷ್ಟ್ರು ಬಂದರು. ಕಿವಿ ಮಂದ, ಅದಕ್ಕೆ ತಕ್ಕಂತೆ ಗಂಟಲು ದೊಡ್ಡದು. "ಏನಯ್ಯಾ ಮರಿಸ್ವಾಮಿ, ನೀನಿಲ್ಲೇನ್ ಮಾಡ್ತಿದೀಯ? ಹೊಂಬಾಳಮ್ಮ ಎಲ್ಲಿ?" ಎಂದು ಪೇಟೆಬೀದಿಗೆಲ್ಲ ಕೇಳುವಂತೆ ಕೂಗಿದರು.

ನಾನು ಸೌಟು ಬಿಡದೆಯೇ ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲೆ ಇಟ್ಟೆ.

"ಮೆಲ್ಲಗೆ ಮೇಷ್ಟ್ರೇ," ಎಂದೆ. "ನಮ್ಮನೆಯವರು ಮಲಗಿದ್ದಾರೆ."